ದ್ವೀಪದ ಗೇಟು ತೆರೆದರೂ ಕೂಲಿ ಯಾಕೆ ಹುಟ್ಟಲಿಲ್ಲ?

ಕೊಣನೂರು: ಅನ್‌ಲಾಕ್ ಆಯ್ತು, ಇನ್ನೇನು ಪ್ರವಾಸಿಗರು ಬರ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಕಾವೇರಿ ದಡದಲ್ಲಿ ಪ್ರವಾಸಿಗರನ್ನೇ ನಂಬಿ ಬದುಕುವವರ ಲೆಕ್ಕ ಬೇರೆಯೇ ಇತ್ತು.

ಕೊಣನೂರು ದಾಟಿ ಶಿರಂಗಾಲಕ್ಕೆ ಹೋದರೆ ಕೊಡಗು ಜಿಲ್ಲೆ ಶುರು. ಅದೇ ದಾರಿಯಲ್ಲಿ ಮುಂದೆ ಕುಶಾಲನಗರ, ಅದರ ಪಕ್ಕ ಕಾವೇರಿ ನಿಸರ್ಗಧಾಮ. ಹೊಳೆ ಸುತ್ತುವರಿದ 64 ಎಕರೆಯ ದ್ವೀಪ ಅದು, ಒಳಗೆ ಹೋಗೋಕೆ ತೂಗು ಸೇತುವೆ. ಇನ್ನೂ ಮೇಲೆ ಹೋದರೆ ದುಬಾರೆ ಆನೆ ಶಿಬಿರ, ಅಲ್ಲಿಗೆ ಹೊಳೆ ದಾಟಬೇಕು. ಟಿಕೆಟ್ ಕೊಡುವವರು, ದೋಣಿಯವರು, ಹೋಟೆಲ್ ಹುಡುಗರು, ಚುರುಮುರಿ ಮಾರುವವರು, ಟ್ಯಾಕ್ಸಿ ಓಡಿಸುವವರು, ಹೀಗೆ ಈ ಎರಡು ಜಾಗ ನಂಬಿದವರು ಬಹಳ ಮಂದಿ.

ಇವರಿಗೆ ವರ್ಷವಿಡೀ ದುಡಿಮೆ ಇರೋದಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ಇಳಿಯಲ್ಲ. ಹಾಗಾಗಿ ಬೇಸಿಗೆ ರಜೆಯಲ್ಲಿ ದುಡಿದಿದ್ದೇ ಮಳೆಗಾಲಕ್ಕೆ ಆಧಾರ. 2020ರ ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್. 2021ರ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಬಂದ್. ಅಂದರೆ ಸತತ ಎರಡು ಬೇಸಿಗೆ ಕೈಬಿಟ್ಟು ಹೋದವು. ಅದಕ್ಕೂ ಮುಂಚೆ 2018, 2019ರಲ್ಲಿ ಪ್ರವಾಹ, ಭೂಕುಸಿತ. ಕೂಡಿಟ್ಟಿದ್ದು ಆಗಲೇ ಕರಗಿತ್ತು.

2021ರ ಜುಲೈನಲ್ಲಿ ನಿರ್ಬಂಧ ಸಡಿಲವಾಯಿತು. ಉಸಿರು ಬಿಡುವಷ್ಟರಲ್ಲಿ ಆಗಸ್ಟ್ 6ರ ಆದೇಶ ಬಂತು. ಕೇರಳ, ಮಹಾರಾಷ್ಟ್ರ ಗಡಿಯ 8 ಜಿಲ್ಲೆಗಳಿಗೆ ವಾರಾಂತ್ಯ ಕರ್ಫ್ಯೂ, ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಗ್ಗೆ 5ರವರೆಗೆ. ಆ ಪಟ್ಟಿಯಲ್ಲಿ ಕೊಡಗು ಇತ್ತು, ಹಾಸನ ಇರಲಿಲ್ಲ. ಹೊಳೆ ಒಂದೇ, ಕಾನೂನು ಎರಡಾಗಿತ್ತು. ಕೊಣನೂರಿನ ತೂಗು ಸೇತುವೆ ಹತ್ತಿರ, ರಾಮನಾಥಪುರದಲ್ಲಿ ಶನಿವಾರ ಅಂಗಡಿ ತೆಗೆಯಬಹುದಿತ್ತು. ಶಿರಂಗಾಲದ ಆಚೆ ಆಗುತ್ತಿರಲಿಲ್ಲ.

ಬೆಂಗಳೂರು, ಮೈಸೂರಿನವರು ಟೂರ್ ಬರೋದೇ ಶನಿವಾರ, ಭಾನುವಾರ. ಆ ವರ್ಷ ಸ್ವಾತಂತ್ರ್ಯ ದಿನಾಚರಣೆಯೂ ಭಾನುವಾರವೇ ಬಂತು. ಸೋಮವಾರದಿಂದ ಶುಕ್ರವಾರ ಗೇಟು ತೆರೆದಿಟ್ಟು ವಾರಾಂತ್ಯ ಮುಚ್ಚಿದರೆ ಅದು ಸಂತೆ ದಿನ ಬಿಟ್ಟು ಉಳಿದ ದಿನ ಅಂಗಡಿ ತೆಗಿ ಅಂದಂಗೆ. ಕಾಗದದಲ್ಲಿ ಪ್ರವಾಸೋದ್ಯಮ ಓಪನ್, ಜೇಬಿನಲ್ಲಿ ಬಂದ್.

ಹಾಗಂತ ಕರ್ಫ್ಯೂ ತಪ್ಪು ಅಂತ ಒಂದೇ ಮಾತಲ್ಲಿ ಹೇಳೋಕೂ ಆಗಲ್ಲ. ಗಡಿಯಾಚೆ ಕೇರಳದಲ್ಲಿ ಆಗ ಪಾಸಿಟಿವಿಟಿ ಶೇ.10ರ ಮೇಲಿತ್ತು. ಕೊಡಗು ಗುಡ್ಡಗಾಡು ಜಿಲ್ಲೆ. ರೋಗ ಜೋರಾದರೆ ದೊಡ್ಡ ಆಸ್ಪತ್ರೆಗೆ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಜನರ ಭಯಕ್ಕೂ ಕಾರಣ ಇತ್ತು.

ಪ್ರಶ್ನೆ ಇರೋದು ಬೇರೆ ಕಡೆ. ಊರಿನ ಆರೋಗ್ಯ ಕಾಪಾಡೋಕೆ ಮುಚ್ಚಿದ್ದು ಸರಿ ಅಂದ್ರೆ ಅದರ ಖರ್ಚು ದೋಣಿ ನಡೆಸುವವನೊಬ್ಬನೇ ಯಾಕೆ ಹೊರಬೇಕು? ಮೇ 19ರಂದು ರಾಜ್ಯ ಸರ್ಕಾರ ಘೋಷಿಸಿದ 1,250 ಕೋಟಿ ರೂ. ಪ್ಯಾಕೇಜ್‌ನಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ 3,000, ನೋಂದಾಯಿತ ಬೀದಿ ವ್ಯಾಪಾರಿಗಳಿಗೆ 2,000 ರೂ. ಇತ್ತು. ಜೂನ್‌ನಲ್ಲಿ ಕೇಂದ್ರ ಹೇಳಿದ್ದು ಸಾಲ. ಲೈಸೆನ್ಸ್ ಇರುವ ಗೈಡ್‌ಗೆ 1 ಲಕ್ಷ, ಟ್ರಾವೆಲ್ ಸಂಸ್ಥೆಗೆ 10 ಲಕ್ಷದವರೆಗೆ. ಎರಡರಲ್ಲೂ ಕಾರ್ಡ್ ಇದ್ದವನಿಗೆ ದಾರಿ. ದಿನಗೂಲಿಗೆ ದೋಣಿ ನಡೆಸುವವನ ಹತ್ತಿರ, ಹೋಂಸ್ಟೇಯಲ್ಲಿ ಪಾತ್ರೆ ತೊಳೆಯುವವಳ ಹತ್ತಿರ ಯಾವ ಕಾರ್ಡ್ ಇದೆ?

ಆಗಬೇಕಾದ್ದು ಮೂರು ಕೆಲಸ. ಪ್ರವಾಸಿ ತಾಣದಲ್ಲಿ ದುಡಿಯುವವರಿಗೆ ಎರಡೂ ಡೋಸ್ ಮೊದಲು ಸಿಗಬೇಕಿತ್ತು. ಪೂರ್ತಿ ಮುಚ್ಚುವ ಬದಲು ದ್ವೀಪದೊಳಗೆ ಇಷ್ಟೇ ಜನ ಅಂತ ಮಿತಿ ಹಾಕಬೇಕಿತ್ತು. ಸೇತುವೆ ಒಂದೇ ಇರುವ ಕಡೆ ತಲೆ ಎಣಿಸೋದು ಕಷ್ಟ ಅಲ್ಲ. ಮೂರನೆಯದು, ಪಂಚಾಯಿತಿಗಳು ಇಂಥ ಕೆಲಸಗಾರರ ಪಟ್ಟಿ ಮಾಡಲಿ, ಜಿಲ್ಲೆಯ ಗಡಿ ನೋಡದೆ.

ಮುಂದಿನ ಮಳೆಗಾಲ ಅಂತೂ ಬಂದೇ ಬರುತ್ತೆ. ಪಟ್ಟಿ ಅಷ್ಟರೊಳಗೆ ತಯಾರಾಗದಿದ್ದರೆ ಮುಂದಿನ ಪ್ಯಾಕೇಜ್‌ನಲ್ಲೂ ಇವರ ಹೆಸರು ಇರಲ್ಲ.