ರಿಪೇರಿ ಅಂಗಡಿ ತೋರಿಸಿ ಯಾಕೆ ಹೆದರಿಸುತ್ತೀರಿ?

ದುಡ್ಡು ಕೊಟ್ಟು ಕೊಂಡ ಫೋನನ್ನು ನಮಗೆ ಬೇಕಾದಲ್ಲಿ ರಿಪೇರಿ ಮಾಡಿಸುತ್ತೇವೆ ಎಂದರೆ ತಯಾರಕರು ಮೊದಲು ಎತ್ತುವುದು ಸುರಕ್ಷತೆಯ ಮಾತು. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ, ಕಂಡಕಂಡಲ್ಲಿ ಬಿಚ್ಚಿಸಬೇಡಿ ಎನ್ನುತ್ತಾರೆ. ಬೆಂಕಿಯ ಭಯ ಸುಳ್ಳಲ್ಲ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿಯವರು ಡೂಪ್ಲಿಕೇಟ್ ಬ್ಯಾಟರಿ ಹಾಕುವುದು ಯಾಕೆ? ಅನೇಕ ಕಂಪನಿಗಳ ಒರಿಜಿನಲ್ ಬ್ಯಾಟರಿ ಅವರ ಅಂಗಡಿಗೆ ಬರುವ ದಾರಿಯೇ ಇಲ್ಲ. ಸರ್ವಿಸ್ ಮ್ಯಾನ್ಯುಯಲ್ಲೂ ಸಿಗುವುದಿಲ್ಲ. ಎರಡನ್ನೂ ಬಚ್ಚಿಟ್ಟವರೇ ಆಮೇಲೆ ಕಳಪೆ ಬಿಡಿಭಾಗದ ಅಪಾಯ ತೋರಿಸಿ ಗ್ರಾಹಕರನ್ನು ಹೆದರಿಸುವುದು ಅನ್ಯಾಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿಗೆ ವರದಿ ಕೊಟ್ಟು, ತಯಾರಕರ ಇಂಥ ಸಮರ್ಥನೆಗಳಿಗೆ ಪುರಾವೆ ತೀರಾ ಕಡಿಮೆ ಎಂದು ಹೇಳಿತು.

ಹೊರಗೆ ಹಾಕಿಸಿದ ಬಿಡಿಭಾಗ ಸರಿಯಾಗಿ ಹೊಂದುವುದಿಲ್ಲ ಎಂಬುದು ಎರಡನೆಯ ವಾದ. 2021ರಲ್ಲಿ ಐಫೋನ್ 13 ಬಂದಾಗ, ಹೊರಗಿನವರು ಡಿಸ್‌ಪ್ಲೇ ಬದಲಿಸಿದರೆ ಫೇಸ್ ಐಡಿ ನಿಂತುಹೋಗುತ್ತಿತ್ತು. ಇನ್ನೊಂದು ಐಫೋನ್ 13ರಿಂದ ಬಿಚ್ಚಿದ ಅಸಲಿ ಡಿಸ್‌ಪ್ಲೇ ಹಾಕಿದರೂ ಅಷ್ಟೇ. ಜನ ಗಲಾಟೆ ಮಾಡಿದ ಮೇಲೆ ಆಪಲ್ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟಿತು, ಫೇಸ್ ಐಡಿ ಮರಳಿತು. ದೋಷ ಗಾಜಿನಲ್ಲೋ ರಿಪೇರಿಯವರ ಕೈಯಲ್ಲೋ ಇದ್ದಿದ್ದರೆ ಅಪ್‌ಡೇಟ್‌ನಿಂದ ಹೋಗುತ್ತಿತ್ತೇ? ಹೀಗೆ ಸಾಫ್ಟ್‌ವೇರಿನಿಂದ ಬಿಡಿಭಾಗಕ್ಕೆ ಬೀಗ ಹಾಕುವುದನ್ನು ಆರೆಗಾನ್ ರಾಜ್ಯ 2024ರಲ್ಲಿ ಕಾನೂನು ಮಾಡಿ ನಿಷೇಧಿಸಿತು.

ಹೊರಗಿನ ರಿಪೇರಿಯವರು ಫೋಟೊ, ಮೆಸೇಜು ಕದಿಯುತ್ತಾರೆ ಎನ್ನುತ್ತೀರಾ? 2016ರಲ್ಲಿ ಅಮೆರಿಕದ ವಿದ್ಯಾರ್ಥಿನಿಯೊಬ್ಬರ ಖಾಸಗಿ ಚಿತ್ರಗಳು ಬಹಿರಂಗವಾದದ್ದು ಆಪಲ್ ನೇಮಿಸಿಕೊಂಡಿದ್ದ ಅಧಿಕೃತ ರಿಪೇರಿ ಕೇಂದ್ರದಿಂದಲೇ. ಮಾಲೀಕರ ಮಾಹಿತಿ ಮುಚ್ಚಿಟ್ಟು ಫೋನನ್ನು ರಿಪೇರಿಗೆ ಕೊಡುವ ಮೇಂಟೆನೆನ್ಸ್ ಮೋಡನ್ನು ಸ್ಯಾಮ್‌ಸಂಗ್ ಆಗಲೇ ತಂದಿದೆ. ಉಳಿದವರೂ ತರಲಿ.

ಬೌದ್ಧಿಕ ಆಸ್ತಿಯ ವಾದವಂತೂ ನಮ್ಮ ದೇಶದಲ್ಲೇ ಒಮ್ಮೆ ಬಿದ್ದುಹೋಗಿದೆ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದ 14 ಕಾರು ಕಂಪನಿಗಳು ಇದೇ ನೆಪ ಹೇಳಿದ್ದವು. ಭಾರತೀಯ ಸ್ಪರ್ಧಾ ಆಯೋಗ ಅದನ್ನು ಒಪ್ಪದೆ 2014ರಲ್ಲಿ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬ್ಯಾಟರಿ ಮಾರಿದರೆ, ಬೋರ್ಡಿನ ನಕ್ಷೆ ಕೊಟ್ಟರೆ ಪೇಟೆಂಟ್ ಕೈಬಿಡುವುದಿಲ್ಲ.

ಕಾನೂನು ಬೇಡ, ನಾವೇ ಸುಧಾರಿಸಿಕೊಳ್ಳುತ್ತೇವೆ ಎಂಬುದು ಕೊನೆಯ ಆಸರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆಮೇಲೆ ಪೋರ್ಟಲ್ಲೂ ಬಂತು. ಆದರೆ ಪೋರ್ಟಲ್ಲಿನಲ್ಲಿ ಸರ್ವಿಸ್ ಸೆಂಟರಿನ ವಿಳಾಸ ಹಾಕಿದ ಮಾತ್ರಕ್ಕೆ ಎಸ್.ಪಿ. ರೋಡಿಗೆ ಒರಿಜಿನಲ್ ಬಿಡಿಭಾಗ ಬಂದು ಬೀಳುವುದಿಲ್ಲ. ಕೇಳಿದ ಅಂಗಡಿಗೆ ನ್ಯಾಯವಾದ ಬೆಲೆಗೆ ಅದನ್ನು ಮಾರಲೇಬೇಕು ಎಂಬ ಕಾನೂನು ಬೇಕು.