ಚೈನಾ ಗ್ರಾಸ್ ನಿರ್ದೋಷವೇ?

ಜಿಲೆಟಿನ್ ಪ್ರಾಣಿಗಳ ಎಲುಬು, ಚರ್ಮಗಳಿಂದ ಬರುವುದೆಂದು ತಿಳಿದ ಬಳಿಕ ನಮ್ಮ ಶ್ರಾವಕರು ಅದನ್ನು ತ್ಯಜಿಸಿದರು, ಯೋಗ್ಯವೇ. ಆದರೆ ಅದರ ಸ್ಥಾನದಲ್ಲಿ ಚೈನಾ ಗ್ರಾಸ್ ಬಂದು ಕುಳಿತಿದೆ. ಸಮಾರಂಭಗಳಲ್ಲಿ ಅದರ ಸಿಹಿಯನ್ನು ‘ಶುದ್ಧ ಶಾಕಾಹಾರ’ವೆಂದೇ ಬಡಿಸುತ್ತಾರೆ. ಅದು ಹುಲ್ಲಲ್ಲ, ಕಡಲಪಾಚಿಯನ್ನು ಕುದಿಸಿ ತೆಗೆದ ಅಂಟು.

ನಮ್ಮ ದೇಶದಲ್ಲಿ ಈ ಪಾಚಿ ದೊರೆಯುವ ಮುಖ್ಯ ತಾಣ ತಮಿಳುನಾಡಿನ ರಾಮನಾಥಪುರದ ಕರಾವಳಿ. ಮನ್ನಾರ್ ಕೊಲ್ಲಿಯ ಹವಳದ ದಿಬ್ಬಗಳ ನಡುವೆ ಮೀನುಗಾರ ಕುಟುಂಬಗಳ ಸ್ತ್ರೀಯರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ, ಇದನ್ನು ಕಲ್ಲಿನಿಂದ ಕೀಳುತ್ತಾರೆ. ಗೊಂಚಲಿನಲ್ಲಿ ನೆಲೆಸಿದ ಸಣ್ಣ ಏಡಿ, ಶಂಖದ ಹುಳುಗಳೂ ಚೀಲ ಸೇರಿ ದಡದ ಬಿಸಿಲಿನಲ್ಲಿ ಒಣಗುತ್ತವೆ. 1986ರಲ್ಲಿ ಅಲ್ಲಿನ 21 ದ್ವೀಪಗಳು ರಾಷ್ಟ್ರೀಯ ಉದ್ಯಾನವಾದ ಮೇಲೆ ಆ ಸ್ತ್ರೀಯರ ದುಡಿಮೆಗೆ ನಿರ್ಬಂಧಗಳ ಭಯವೂ ಸೇರಿತು. ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರು ಹೊಟ್ಟೆಗಾಗಿ ಕೀಳುತ್ತಾರೆ. ನಾವು ನಾಲಿಗೆಗಾಗಿ ಕೀಳಿಸುತ್ತೇವೆ.

ಕೃತ, ಕಾರಿತ, ಅನುಮೋದನೆಗಳಲ್ಲಿ ಎರಡನೆಯದು ಅಂಗಡಿಯ ಪೊಟ್ಟಣದೊಳಗೆ ಅಳಿಸಿಹೋಗುವುದೇ? ‘ಸೊಪ್ಪಿನಲ್ಲಿಯೂ ಹುಳುವಿಲ್ಲವೇ’ ಎಂದು ವಾದಿಸುವವರುಂಟು. ಸೊಪ್ಪನ್ನು ನಮ್ಮ ಗೃಹಿಣಿಯರು ಎಲೆಎಲೆಯಾಗಿ ಶೋಧಿಸುತ್ತಾರೆ, ಇಲ್ಲಿ ಶೋಧಿಸಿದವರಾರು? ಮೇಲಾಗಿ ಪಾಚಿ, ಶೈವಾಲಗಳನ್ನು ಶಾಸ್ತ್ರವು ಅನಂತ ಜೀವಗಳ ಆಶ್ರಯವಾದ ಸಾಧಾರಣ ವನಸ್ಪತಿಯಲ್ಲಿ ಎಣಿಸಿದೆ. ಆಲೂಗಡ್ಡೆಯನ್ನು ಹೊಸ್ತಿಲು ದಾಟಗೊಡದ ಮನೆಗಳಲ್ಲಿ ಇದಕ್ಕೆ ಪ್ರವೇಶವೆಂತು?

ಬಸದಿಗಳ ಧರ್ಮದರ್ಶಿಗಳು ಬರುವ ಚಾತುರ್ಮಾಸಕ್ಕೆ ಮೊದಲೇ ಭೋಜನಶಾಲೆಯ ಸಾಮಗ್ರಿಪಟ್ಟಿಯಿಂದ ಇದನ್ನು ತೆಗೆದುಹಾಕಲಿ. ಗಟ್ಟಿಯಾದ ಸಿಹಿಯೇ ಬೇಕೆಂದರೆ ಅಕ್ಕಿ, ಕಾಯಿಹಾಲು, ಬೆಲ್ಲದ ಹಾಲುಬಾಯಿಯುಂಟು. ನಮ್ಮ ಅಜ್ಜಿಯರು ಅದನ್ನೇ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿ ಕೊಡುತ್ತಿದ್ದರು.