ಮೊದಲನೆಯದಕ್ಕೆ ಮದ್ದಾಗಿ ಎರಡನೆಯದು ಬೇಡ

ಒಂದೇ ಮಗು ಸಾಕೆಂದುಕೊಂಡ ದಂಪತಿಗೆ ಮದುವೆಮನೆಯಲ್ಲೋ ನಾಮಕರಣದಲ್ಲೋ ಬುದ್ಧಿಮಾತು ತಪ್ಪಿದ್ದಲ್ಲ. ಹಿಂದೆ ಅದು 'ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ' ಎಂಬ ಗಾದೆಗೆ ಮುಗಿಯುತ್ತಿತ್ತು. ಈಗ ವೈದ್ಯಶಾಸ್ತ್ರವನ್ನೂ ಸಾಕ್ಷಿಗೆ ಕರೆಯುತ್ತಾರೆ. 2025ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಮಾತನಾಡಿದ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್, ಮನೆಗೆ ಮೂರು ಮಕ್ಕಳಿರಬೇಕು, ಮೂವರಿದ್ದರೆ ಅಹಂಕಾರವನ್ನು ನಿಭಾಯಿಸುವುದನ್ನು ಕಲಿಯುತ್ತಾರೆ, ವೈದ್ಯರೂ ಹಾಗೆ ಹೇಳುತ್ತಾರೆ ಎಂದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಹಾಗಾಗಿ ಈ ಮಾತು ನಮ್ಮಲ್ಲಿ ಬಹಳಷ್ಟು ಮನೆಗಳ ಬಾಗಿಲು ತಟ್ಟುತ್ತದೆ.

ಒಡಹುಟ್ಟಿದವರು ನಮ್ಮ ಮನಸ್ಸನ್ನೂ ಮೈಯನ್ನೂ ರೂಪಿಸುತ್ತಾರೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಎಷ್ಟು ಮಂದಿ ಇದ್ದಾರೆ ಎಂಬುದಕ್ಕಿಂತ ಪರಸ್ಪರ ಹೇಗೆ ನಡೆದುಕೊಂಡರು, ಹಿರಿಯರು ಅವರನ್ನು ಹೇಗೆ ನೋಡಿಕೊಂಡರು ಎಂಬುದೇ ಮುಖ್ಯ ಎಂಬುದು ನನ್ನ ವಾದ. ಎದುರಾಳಿಗಳ ಮಾತುಗಳನ್ನು ಒಂದೊಂದಾಗಿ ನೋಡೋಣ.

ಒಂದು: 'ಒಂಟಿ ಮಗು ಹಟಮಾರಿ, ಸ್ವಾರ್ಥಿ.'

ಇದಕ್ಕೆ ಶಾಸ್ತ್ರದ ಬಲ ಬಂದದ್ದು ಅಮೆರಿಕದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಅವರ ಬಳಗದ ಇ. ಡಬ್ಲ್ಯು. ಬೊಹಾನನ್ ಪ್ರಶ್ನಾವಳಿಗಳಿಂದ ಮಾಹಿತಿ ಕಲೆಹಾಕಿ, 1898ರಲ್ಲಿ ಒಂಟಿ ಮಕ್ಕಳ ಕುರಿತು ಕಹಿಯಾದ ಚಿತ್ರ ಕೊಟ್ಟರು. ಹಿರಿಯರ ಅಭಿಪ್ರಾಯವನ್ನೇ ಮಗುವಿನ ಸ್ವಭಾವವೆಂದು ಬರೆದುಕೊಂಡ ಕಾಲವದು. ಟೋನಿ ಫಾಲ್ಬೋ ಮತ್ತು ಡೆನಿಸ್ ಪೊಲಿಟ್ 1986ರಲ್ಲಿ 115 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದಾಗ ಆ ಚಿತ್ರ ನಿಲ್ಲಲಿಲ್ಲ. ಸ್ವಭಾವದಲ್ಲಿ ಒಂಟಿ ಮಕ್ಕಳು ಉಳಿದವರಂತೆಯೇ ಇದ್ದರು. ಸಾಧಿಸುವ ಹಂಬಲದಲ್ಲಿ, ಅಪ್ಪ–ಅಮ್ಮನೊಂದಿಗಿನ ಬಾಂಧವ್ಯದಲ್ಲಿ ತುಸು ಮುಂದೆಯೇ ಇದ್ದರು.

ಆಗ ಚೀನಾದ ಕಡೆ ಬೆರಳು ತೋರಿಸುತ್ತಾರೆ. ಒಂದೇ ಮಗುವಿನ ನೀತಿಗೆ ಸ್ವಲ್ಪ ಮೊದಲು ಮತ್ತು ನಂತರ ಹುಟ್ಟಿದ ಬೀಜಿಂಗ್‌ನ 421 ಮಂದಿಯನ್ನು ಪರೀಕ್ಷಿಸಿದ 2013ರ ಅಧ್ಯಯನದಲ್ಲಿ, ನೀತಿಯ ನಂತರದವರು ಇತರರನ್ನು ನಂಬುವುದು ಕಡಿಮೆ, ನಿರಾಶಾವಾದ ಹೆಚ್ಚು ಎಂದು ಕಂಡಿತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದು ಸರ್ಕಾರ ಬಲವಂತವಾಗಿ ಒಂದೇ ಮಗುವಿಗೆ ಇಳಿಸಿದ ಇಡೀ ಪೀಳಿಗೆಯ ಕಥೆ. ತರಗತಿಯ ಗೆಳೆಯರೂ ಬಹುಪಾಲು ಒಂಟಿಗಳೇ. ತಾವಾಗಿ ಒಂದೇ ಸಾಕೆಂದು ನಿರ್ಧರಿಸಿದ ಮೈಸೂರಿನ ಒಂದು ಮನೆಗೆ ಆ ತೀರ್ಪನ್ನು ಹಾಗೆಯೇ ಎತ್ತಿಕೊಂಡು ಬರಲಾಗದು.

ಎರಡು: 'ಅಕ್ಕನೋ ಅಣ್ಣನೋ ಇದ್ದರೆ ಬುದ್ಧಿ ಚುರುಕಾಗುತ್ತದೆ.'

ಎದುರಾಳಿಗಳ ಗಟ್ಟಿಯಾದ ವಾದ ಇದು. ಒಬ್ಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಬದಲಿಸುತ್ತಾಳೆ. ಹುಡುಗ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಹೊಸ ಕಪಾಟನ್ನೇ ತೋರಿಸುತ್ತವೆ. ತನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂಬುದು ಇನ್ನೂ ಹೊಳೆದಿರುವುದಿಲ್ಲ. ಒಡಹುಟ್ಟಿದವರಿರುವ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ ಎಂದು ಯೋಸೆಫ್ ಪರ್ನರ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ತಿಂಡಿ ಬಚ್ಚಿಡುವ, ಸುಳ್ಳು ಹೇಳಿ ಸಿಕ್ಕಿಬೀಳುವ, ರಾಜಿಯಾಗುವ ಮನೆಯಲ್ಲಿ ಇನ್ನೊಬ್ಬರ ಮನಸ್ಸನ್ನು ಊಹಿಸದೆ ವಿಧಿಯಿಲ್ಲವಲ್ಲ.

ಆದರೆ ಎರಡೇ ವರ್ಷದ ನಂತರ ಕ್ರೀಟ್ ಮತ್ತು ಸೈಪ್ರಸ್ ದ್ವೀಪಗಳ ಮಕ್ಕಳನ್ನು ನೋಡಿದ ಸಂಶೋಧಕರಿಗೆ ಬೇರೊಂದು ಸಂಗತಿ ಕಂಡಿತು. ದಿನವೂ ಬೆರೆಯುವ ದೊಡ್ಡ ಮಕ್ಕಳು, ನೆಂಟರಿಷ್ಟರ ಪೈಕಿಯ ಹಿರಿಯರು ಕೂಡ ಇದೇ ಕೆಲಸ ಮಾಡುತ್ತಿದ್ದರು. ಚಿಕ್ಕಪ್ಪನ ಮಗಳು, ಪಕ್ಕದ ಮನೆಯ ಹುಡುಗ, ಜಗಲಿಯ ಮೇಲೆ ಕೂತ ಅಜ್ಜ, ಎಲ್ಲರೂ ಈ ಪಾಠಕ್ಕೆ ಮೇಷ್ಟ್ರೇ. ಐದಾರು ವರ್ಷಕ್ಕೆ ಬಹುತೇಕ ಎಲ್ಲ ಮಕ್ಕಳಿಗೂ ಇದು ಬಂದುಬಿಡುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನು ಬುದ್ಧಿಮತ್ತೆಯ ಅಂಕದ ಮಾತೆತ್ತಿದರೆ ವಾದ ತಿರುಗಿಬೀಳುತ್ತದೆ. ನಾರ್ವೆಯಲ್ಲಿ ಸೇನಾ ಸೇವೆಗೆ ಬಂದ ಯುವಕರ ಅಂಕಗಳನ್ನು ನೋಡಿದ 2007ರ ಅಧ್ಯಯನದಲ್ಲಿ ಹಿರಿಯ ಮಗನಿಗಿಂತ ಎರಡನೆಯವನ ಸರಾಸರಿ ಎರಡು ಅಂಕದಷ್ಟು ಕಡಿಮೆ ಇತ್ತು. ಅಣ್ಣನೋ ಅಕ್ಕನೋ ಶೈಶವದಲ್ಲೇ ತೀರಿಕೊಂಡಿದ್ದರೆ ಎರಡನೆಯವನೂ ಹಿರಿಯನಷ್ಟೇ ಅಂಕ ಪಡೆದಿದ್ದ. ಹುಟ್ಟಿದ ಕ್ರಮಕ್ಕಿಂತ ಮನೆಯಲ್ಲಿ ಸಿಕ್ಕ ಸ್ಥಾನ ದೊಡ್ಡದು ಎಂದಾಯಿತು.

ಮೂರು: 'ಕೂಡಿ ಬೆಳೆದವರಿಗೆ ರೋಗನಿರೋಧಕ ಶಕ್ತಿ ಹೆಚ್ಚು.'

ಡೇವಿಡ್ ಸ್ಟ್ರಾಚನ್ 1958ರ ಮಾರ್ಚ್‌ನಲ್ಲಿ ಹುಟ್ಟಿದ 17,414 ಬ್ರಿಟಿಷ್ ಮಕ್ಕಳ ಮಾಹಿತಿ ನೋಡಿ, ಅಣ್ಣ–ಅಕ್ಕಂದಿರು ಹೆಚ್ಚಿದ್ದಷ್ಟೂ ಪರಾಗದಿಂದ ಬರುವ ಅಲರ್ಜಿ ನೆಗಡಿ ಕಡಿಮೆ ಎಂದು 1989ರಲ್ಲಿ ಬರೆದರು. ದೊಡ್ಡವರು ಹೊರಗಿನಿಂದ ಹೊತ್ತು ತರುವ ಸೋಂಕುಗಳು ಚಿಕ್ಕವರ ದೇಹವನ್ನು ಪಳಗಿಸುತ್ತವೆ ಎಂಬುದು ಅವರ ಊಹೆ. ಅಮೆರಿಕದ ಟಕ್ಸನ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎಳವೆಯಲ್ಲೇ ಶಿಶುವಿಹಾರಕ್ಕೆ ಹೋದ ಮಕ್ಕಳಿಗೂ ಮುಂದೆ ಆಸ್ತಮಾ ಕಡಿಮೆ. ಒಡಹುಟ್ಟಿದವರ ಬದಲು ಓರಗೆಯವರಿದ್ದರೂ ಸಾಕಾಯಿತು.

ನಮ್ಮ ದೇಶದ ಲೆಕ್ಕಕ್ಕೆ ಬಂದರೆ ಇನ್ನೊಂದು ಮುಖ ಕಾಣುತ್ತದೆ. ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ತೋರಿಸಿದಂತೆ, ಆಫ್ರಿಕಾದ ಮಕ್ಕಳಿಗೆ ಹೋಲಿಸಿದರೆ ಭಾರತದ ಚೊಚ್ಚಲ ಮಕ್ಕಳು ಎತ್ತರದಲ್ಲಿ ಹಿಂದಿಲ್ಲ; ಕೊರತೆ ಶುರುವಾಗುವುದು ಎರಡನೆಯ ಮಗುವಿನಿಂದ. ಹಿರಿಮಗನ ಮೇಲಿನ ಮೋಹವೇ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ ಅವರು. ತಟ್ಟೆಯಲ್ಲಿ ಪಾಲು ಸಮನಿಲ್ಲದ ಮನೆಗೆ ಇನ್ನೊಂದು ಮಗು ಬಂದರೆ ಯಾರ ಆರೋಗ್ಯ ಹೆಚ್ಚುತ್ತದೆ?

ನಾಲ್ಕು: 'ಮುಂದೆ ಮನಸ್ಸಿಗೆ ಆಸರೆ ಬೇಡವೇ?'

ಬೇಕು. ಆದರೆ ಒಡಹುಟ್ಟು ತಾನಾಗಿ ಆಸರೆಯಾಗುವುದಿಲ್ಲ. 1938ರಲ್ಲಿ ಶುರುವಾದ ಹಾರ್ವರ್ಡ್‌ನ ದೀರ್ಘ ಅಧ್ಯಯನದ 229 ಗಂಡಸರ ಮಾಹಿತಿಯಿಂದ 2007ರಲ್ಲಿ ತಿಳಿದದ್ದು ಇದು: ಇಪ್ಪತ್ತಕ್ಕೆ ಮೊದಲು ಒಡಹುಟ್ಟಿದವರೊಡನೆ ಸಂಬಂಧ ಕೆಟ್ಟಿದ್ದವರಿಗೆ ಐವತ್ತರೊಳಗೆ ಖಿನ್ನತೆ ಬರುವ ಸಂಭವ ಹೆಚ್ಚು. ಬ್ರಿಟನ್ನಿನ ಬ್ರಿಸ್ಟಲ್ ಸುತ್ತಲಿನ ಸುಮಾರು 7,000 ಮಕ್ಕಳ ಅಧ್ಯಯನ 2014ರಲ್ಲಿ ಇನ್ನಷ್ಟು ನಿಷ್ಠುರವಾಗಿ ಹೇಳಿತು: 12ನೆಯ ವಯಸ್ಸಿನಲ್ಲಿ ವಾರಕ್ಕೆ ಹಲವು ಸಲ ಒಡಹುಟ್ಟಿದವರ ಕಾಟ ತಿಂದವರು 18ಕ್ಕೆ ಖಿನ್ನರಾಗುವ ಸಂಭವ ಸುಮಾರು ಇಮ್ಮಡಿ. ಚೀನಾ ಮತ್ತು ಅಮೆರಿಕದ ಎಂಟನೆಯ ತರಗತಿಯ ಮಕ್ಕಳನ್ನು ಹೋಲಿಸಿದ ಡಗ್ಲಸ್ ಡೌನಿ ಅವರ ಅಧ್ಯಯನದಲ್ಲೂ ಒಡಹುಟ್ಟಿದವರು ಹೆಚ್ಚಿದ್ದಲ್ಲಿ ಮಾನಸಿಕ ಆರೋಗ್ಯ ಒಟ್ಟಾರೆ ಕಡಿಮೆಯೇ. ಗಾದೆಯನ್ನೇ ನಂಬುವುದಾದರೆ 'ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು' ಎಂಬುದೂ ನಮ್ಮದೇ. ಜಮೀನಿನ ಪಾಲಿಗೆ ಕೋರ್ಟು ಹತ್ತಿದ ಮನೆತನಗಳನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಐದು: 'ತುಂಬಿದ ಮನೆಯಲ್ಲಿ ಬೆಳೆದ ನಾವೆಲ್ಲ ಚೆನ್ನಾಗಿಲ್ಲವೇ?'

ಈ ಮಾತನ್ನು ಹೆಚ್ಚಾಗಿ ಆಡುವವರು ಆರೈಕೆ ಪಡೆದವರು, ಆರೈಕೆ ಮಾಡಿದವರಲ್ಲ. ತುಂಬಿದ ಮನೆಯಲ್ಲಿ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ತಿರುಗಿ, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ದೊಡ್ಡಕ್ಕನನ್ನು ಕೇಳಿ ನೋಡಿ. ಮುಪ್ಪಿನ ಮರೆವಿನ ಕಾಯಿಲೆಗೆ ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿತು. ಎಳವೆಯ ವಿದ್ಯಾಭ್ಯಾಸದ ಕೊರತೆಯೂ ಅದರಲ್ಲಿದೆ, ಸಾಮಾಜಿಕ ಒಂಟಿತನವೂ ಇದೆ. ತಮ್ಮಂದಿರಿಗೆ ಎರಡನೆಯದರಿಂದ ಸಿಕ್ಕ ರಕ್ಷಣೆಗೆ ಅಕ್ಕ ಮೊದಲನೆಯದರಲ್ಲಿ ಬೆಲೆ ತೆತ್ತಿದ್ದಾಳೆ. ಒಂದೇ ಮನೆ, ಅಷ್ಟೇ ಮಕ್ಕಳು, ಆದರೂ ಪಾಲಿಗೆ ಬಂದ ಮುಪ್ಪು ಬೇರೆ ಬೇರೆ.

ಹಾಗಾದರೆ ಮಾಡಬೇಕಾದ್ದೇನು? ಇಬ್ಬರಿರುವ ಮನೆಯಲ್ಲಿ ದಿನವೂ ನಡೆಯುವ ಹೊಡೆತ–ಹೀಯಾಳಿಕೆಗಳನ್ನು 'ಮಕ್ಕಳ ಜಗಳ' ಎಂದು ನಕ್ಕು ಬಿಡಬಾರದು. ಅಕ್ಕನ ಅಂಕವನ್ನು ತಂಗಿಯ ಮುಂದೆ ಓದಬಾರದು. ದೊಡ್ಡ ಮಗಳನ್ನು ಕೂಲಿಯಿಲ್ಲದ ಆಯಾ ಮಾಡಬಾರದು. ಒಬ್ಬರೇ ಇರುವ ಮನೆಯವರು ರಜೆಗೆ ಮಗುವನ್ನು ದೊಡ್ಡಮ್ಮನ ಮನೆಗೆ ಕಳಿಸಲಿ, ಸಂಜೆ ಬೀದಿಗೆ ಬಿಡಲಿ, ಸೋತು ಅಳುತ್ತಾ ಬಂದರೆ ಮರುದಿನ ಮತ್ತೆ ಕಳಿಸಲಿ. ಇನ್ನೊಂದು ಮಗು ಬೇಕೆನ್ನುವವರಿಗೆ ಆ ಆಸೆಯೇ ಸಾಕಷ್ಟು ಕಾರಣ. ಒಂದರ ಸ್ವಭಾವ ತಿದ್ದಲು, ಆರೋಗ್ಯ ಕಾಯಲು ಇನ್ನೊಂದನ್ನು ಹುಟ್ಟಿಸಿದರೆ ಎರಡಕ್ಕೂ ಅನ್ಯಾಯ ಮಾಡಿದಂತೆ.